ಕಾಶಿ ಬಿಡದ ದಾರಿಹೋಕ

ಕಾಶಿಯಲ್ಲಿ ಸತ್ತವರ ಬಗ್ಗೆ ಬರೆಯಲು ಹೊರಟರೆ ಬರೆಯುವವರ ಆಯುಷ್ಯ ಸಾಲುವುದಿಲ್ಲ. ಇಲ್ಲಿ ಸಾವು ಸುದ್ದಿಯೇ ಅಲ್ಲ. ಕೇದಾರ ಘಾಟಿನ ಹಿಂದಿನ ನಮ್ಮ ಗಲ್ಲಿಯಲ್ಲಿ ಬೆಳಿಗ್ಗೆ ಹಾಲು ತರಲು ಹೊರಟರೆ ಎದುರಿಗೆ ಒಂದು ಹೆಣ ಬರುತ್ತದೆ. ನಾವು ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತೇವೆ, ಹಾಲು ತುಳುಕದಂತೆ ನೋಡಿಕೊಳ್ಳುತ್ತೇವೆ. ಹಾಗಿರುವಾಗ ಕಳೆದ ಶ್ರಾವಣದಲ್ಲಿ ತೀರಿಕೊಂಡ ಒಬ್ಬ ಮುದುಕರ ಬಗ್ಗೆ ಕೂತು ಬರೆಯುವುದೇಕೆ ಎಂದು ನನ್ನ ಮಗಳು ಕೇಳಿದಳು. ಕೇಳಿದ್ದು ಹಿಂದಿಯಲ್ಲಿ. ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರಿಸುವ ಜಾತಿ ಅವಳದು. ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ ಎಂದೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಾಕಿಸಿಕೊಳ್ಳುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಮಂಡ್ಯದ ಕಡೆಯವರು, ನೀರಾವರಿ ಇಲಾಖೆಯಲ್ಲಿ ನಕಾಶೆ ಬಿಡಿಸುವ ಕೆಲಸ ಮಾಡಿ ನಿವೃತ್ತರಾದವರು. ಮಕ್ಕಳಿರಲಿಲ್ಲ. ಹೆಂಡತಿಗೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ, ಕಾಶಿಯಲ್ಲೇ ಸಾಯಬೇಕೆಂಬ ಆಕೆಯ ಆಸೆಗೆ ಕಟ್ಟುಬಿದ್ದು ಇಬ್ಬರೂ ಇಲ್ಲಿಗೆ ಬಂದು ಮಹಡಿಯೊಂದನ್ನು ಬಾಡಿಗೆಗೆ ಹಿಡಿದಿದ್ದರು.

ನಾನು ಅವರನ್ನು ಮೊದಲು ನೋಡಿದ್ದಲ್ಲ, ಕೇಳಿದ್ದು. ಒಂದು ಮಧ್ಯಾಹ್ನ ಶಾಲೆ ಮುಗಿಸಿ ಬರುತ್ತಿದ್ದೆ. ನಾನು ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಹೇಳುವವಳು, ತುಮಕೂರಿನಿಂದ ಮದುವೆಯಾಗಿ ಬಂದವಳು. ಗಲ್ಲಿಯ ತಿರುವಿನ ಹಳೆಯ ಮನೆಯ ಮಹಡಿಯಿಂದ ಯಾರೋ ಅಚ್ಚಗನ್ನಡದಲ್ಲಿ ಅರಚುತ್ತಿದ್ದರು: "ಅಯ್ಯಯ್ಯೋ, ಆ ಕಡೆ ಹೋಗ್ಬೇಡಿ ಇಂದಿರಮ್ಮನವ್ರೇ! ಕಣಿವೇಲಿ ಮಲಗಿದೆ ಅದು! ಎದ್ರೆ ಸುಟ್ಟು ಬೂದಿ ಮಾಡ್ಬಿಡುತ್ತೆ!"

ನಾನು ಗಾಬರಿಯಾಗಿ "ಅಯ್ಯೋ ದೇವ್ರೇ" ಎಂದು ನಿಂತೆ. ಕೆಳಗೆ ಬಾಗಿಲ ಬಳಿ ಒಬ್ಬ ಹೆಂಗಸು ಜಪಮಣಿ ಹಿಡಿದು ಕೂತಿದ್ದರು. ಕಣ್ಣು ಬಿಡದೆಯೇ, "ಹೆದರ್ಕೋಬೇಡಿ, ಡ್ರ್ಯಾಗನ್ನು" ಎಂದರು. ನನ್ನ ಕೈಚೀಲದ ಮೇಲಿನ ಕನ್ನಡ ಅಕ್ಷರವನ್ನು ಆಮೇಲೆ ಕಣ್ಣು ಬಿಟ್ಟು ನೋಡಿದರು. "ಮೇಲೆ ಹೋಗಿ ನೋಡಿ ಬೇಕಾದ್ರೆ. ನಮ್ಮನೆಯವ್ರೇ."

ಮೇಲೆ ಹೋದೆ. ಬನಿಯನ್ನು, ಪಂಚೆ, ಹಣೆಯಲ್ಲಿ ವಿಭೂತಿ, ವಿಭೂತಿಯ ಮೇಲಿಂದ ಹಾದುಹೋದ ದೊಡ್ಡ ಹೆಡ್‌ಫೋನು. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಕೆಂಪು ನೀಲಿ ದೀಪಗಳು ಸುತ್ತುವುದು ಹೆಂಡತಿಯ ಸಂಧ್ಯಾಜಪಕ್ಕೆ ಅಡ್ಡಿಯೆಂದು ಅದಕ್ಕೊಂದು ಹಳೆಯ ರವಿಕೆ ಕಣ ಹೊದೆಸಿದ್ದರು. ಪರದೆಯ ಮೇಲೆ ಬಿಳಿ ಬೆಟ್ಟಗಳ ನಡುವಿನ ಒಂದು ಕಣಿವೆ. ನಾನು ನಿಂತಲ್ಲೇ, "ಮೂರನೇ ಭಾಗ ಅಲ್ವಾ ಸಾರ್? ಉಪ್ಪಿನ ಕಣಿವೆ?" ಎಂದೆ.

ಅವರು ಹೆಡ್‌ಫೋನು ತೆಗೆದರು. ದೂರದೇಶದಲ್ಲಿ ನೆಂಟರು ಸಿಕ್ಕವರ ಮುಖ. "ಕೂತ್ಕೊಳ್ಳಿ ತಾಯಿ, ಕೂತ್ಕೊಳ್ಳಿ. ನಿಮಗೆ ಯಾವ ಭಾಗ ಇಷ್ಟ?" ಎಂದು ಕೇಳಿದರು. ನಮ್ಮ ಕಡೆ ಯಾವೂರು, ಯಾರ ಪೈಕಿ ಎಂದು ಕೇಳುತ್ತಾರಲ್ಲ, ಅದೇ ಧಾಟಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಕಂಪ್ಯೂಟರಿನಲ್ಲಿ ಆಡುವ ಈ ಆಟದ ಸರಣಿಯಲ್ಲಿ ಇದುವರೆಗೆ ಐದು ಭಾಗಗಳು ಬಂದಿವೆ. ಒಂದೊಂದರಲ್ಲೂ ಒಂದು ಇಡೀ ದೇಶವಿದೆ. ಊರು, ಕಾಡು, ಸಂತೆ, ಕೋಟೆ, ರಾಕ್ಷಸರು, ಮಾಟಗಾತಿಯರು, ಮಾತಾಡುವ ಜನ. ದೇಶ ಮುಳುಗುತ್ತಿದೆ, ನೀನೇ ಉಳಿಸಬೇಕು ಎಂದು ಶುರುವಿನಲ್ಲೇ ಯಾರೋ ಹೇಳುತ್ತಾರೆ. ಆದರೆ ಉಳಿಸಲೇಬೇಕೆಂಬ ಬಲವಂತವಿಲ್ಲ. ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದು, ವರ್ಷಗಟ್ಟಲೆ ಅಲೆಯಬಹುದು, ದೇಶ ಮುಳುಗದೆ ಕಾದಿರುತ್ತದೆ. ನಾನು ಕಾಲೇಜಿನಲ್ಲಿದ್ದಾಗ ಹಿಡಿದ ಹುಚ್ಚು, ಇನ್ನೂ ಬಿಟ್ಟಿಲ್ಲ. ಗಂಡ ಇದನ್ನು ಕಾಯಿಲೆಯ ಲೆಕ್ಕಕ್ಕೆ ಹಾಕಿದ್ದಾನೆ.

ಅವರ ಆಟ ನೋಡಿದರೆ ಮಾತ್ರ ನಗು ಬರುತ್ತಿತ್ತು. ಆ ದೇಶದಲ್ಲಿ ಅವರು ಎಂದೂ ಓಡುತ್ತಿರಲಿಲ್ಲ. ಕುದುರೆ ಹತ್ತುತ್ತಿರಲಿಲ್ಲ. ಬೆಳಗಿನ ವಾಕಿಂಗಿಗೆ ಹೊರಟವರಂತೆ ನಡೆಯುತ್ತಿದ್ದರು. ಎದುರಿಗೆ ಸಿಕ್ಕ ಪ್ರತಿಯೊಬ್ಬ ಹಳ್ಳಿಯವನ ಹತ್ತಿರವೂ ನಿಂತು, ಅವನು ಹಿಂದೆ ನೂರು ಸಲ ಹೇಳಿದ್ದನ್ನೇ ಮತ್ತೆ ಹೇಳಿಸಿಕೊಂಡು, ಪರದೆಗೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. "ಪಾಪ, ಅವನಿಗೆ ಅದೊಂದೇ ಮಾತು ಕೊಟ್ಟಿದಾರೆ. ಕೇಳೋರೂ ಇಲ್ಲ ಅಂದ್ರೆ ಹೇಗೆ?" ಎನ್ನುವರು. ಯಾರದೋ ಮನೆಗೆ ನುಗ್ಗಿದರೆ ನಾವೆಲ್ಲ ಕದಿಯಲು ಏನಿದೆ ಎಂದು ನೋಡುತ್ತೇವೆ. ಅವರು ಬಿದ್ದಿದ್ದ ಲೋಟವನ್ನು ಎತ್ತಿ ಮೇಜಿನ ಮೇಲಿಟ್ಟು ಬರುವರು. ದೇಶ ಉಳಿಸುವ ಕೆಲಸವನ್ನು ಯಾವ ಭಾಗದಲ್ಲೂ ಅವರು ಮುಗಿಸಿರಲಿಲ್ಲ. ಕೇಳಿದರೆ, "ಅವಸರ ಯಾರಿಗೆ?" ಎಂಬುದೊಂದೇ ಉತ್ತರ.

ಆದರೆ ಒಂದು ವಿಷಯದಲ್ಲಿ ಅವರು ಪುಂಡರು. ಆ ದೇಶಕ್ಕೂ ಒಂದು ಗಡಿಯಿದೆ. ಗಡಿ ಮುಟ್ಟಿದರೆ ಕಾಣದ ಗೋಡೆಯೊಂದು ತಡೆಯುತ್ತದೆ, ಮುಂದೆ ಹೋಗುವಂತಿಲ್ಲ ಎಂಬ ಸೂಚನೆ ಬರುತ್ತದೆ. ನಕಾಶೆಯವರಲ್ಲವೇ, ಈ ಗೋಡೆ ಎಲ್ಲಿ ಸಡಿಲವಾಗಿದೆ ಎಂದು ಹುಡುಕುವುದು ಅವರ ನಿಜವಾದ ಆಟ. ಯಾವ ಬಂಡೆಯ ಸಂದಿಗೆ ಮೈ ಒತ್ತಬೇಕು, ಎಲ್ಲಿ ಮಡಕೆ ಕುಡಿಕೆಗಳನ್ನು ಒಂದರ ಮೇಲೊಂದು ಪೇರಿಸಿ ಹತ್ತಬೇಕು ಎಲ್ಲವೂ ಬಾಯಿಪಾಠ. ಹೇಳುವಾಗ ಬಲಗೈ ತೋರುಬೆರಳಿನ ಉಗುರಿನಿಂದ ಎಡಗೈ ಅಂಗೈ ಮೇಲೆ ಗೆರೆ ಎಳೆಯುತ್ತ ಹೋಗುವರು. ಗಡಿಯಾಚೆ ಏನಿದೆ ಎಂದು ನನಗೊಮ್ಮೆ ತೋರಿಸಿದ್ದರು. ಎಲೆಯಿಲ್ಲದ ಮರಗಳು, ಒಂದೇ ಮಗ್ಗುಲಿಗೆ ಬಣ್ಣ ಬಳಿದ ಬೆಟ್ಟ, ಒಂದು ಪ್ರಾಣಿಯೂ ಇಲ್ಲ. ಅದನ್ನು ನೋಡುವಾಗ ಅವರ ಮುಖದಲ್ಲಿ ಪರಮಾನಂದ.

"ಅಲ್ಲೇನೈತ್ರಿ ಸರ?" ಎಂದು ಹೆಡ್‌ಫೋನಿನೊಳಗಿಂದ ಇಂದಿರಕ್ಕ ಕೇಳುತ್ತಿದ್ದರು. "ಮಂದಿ ಇಲ್ಲ, ಮಾತಿಲ್ಲ. ಅಂಥಲ್ಲಿ ಹೋಗಿ ಏನ್ ಮಾಡವ್ರು?"

"ಹೋಗಬಾರದು ಅಂದಿದಾರಲ್ಲ, ಅದಕ್ಕೆ ಹೋಗೋದು."

ಇಂದಿರಕ್ಕ ಧಾರವಾಡದವರು. ಒಂದು ಕಾಲಕ್ಕೆ ಅಲ್ಲಿ ಟೈಪಿಂಗ್ ಕೇಂದ್ರ ನಡೆಸುತ್ತಿದ್ದವರು, ತಮ್ಮನ ಮನೆಯಲ್ಲಿ ಇದ್ದವರು. ಈ ಆಟದ ಹುಚ್ಚಿನ ಕನ್ನಡಿಗರು ಏಳೆಂಟು ಜನ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು, 'ದಾರಿಹೋಕರು' ಎಂದು. ನಾನು ಮೊದಲು ಮಹಡಿ ಹತ್ತಿದ ದಿನವೇ ನನ್ನನ್ನೂ ಸೇರಿಸಿದರು. ಒಬ್ಬರ ಆಟವನ್ನು ಉಳಿದವರು ತಮ್ಮ ಪರದೆಯಲ್ಲಿ ನೋಡುತ್ತ ಮಾತಾಡುವುದು. ಅಲ್ಲಿ ಮುಖಗಳಿರಲಿಲ್ಲ, ಬರೀ ದನಿಗಳು. ಗುಂಪಿಗೆ ಜೀವ ಇದ್ದದ್ದೇ ಇವರಿಬ್ಬರ ಜಗಳದಿಂದ. ಅವರಿಗೆ ಮೂರನೇ ಭಾಗ ಶ್ರೇಷ್ಠ, ಆಕೆಗೆ ನಾಲ್ಕನೇದು. ಮೂರರಲ್ಲಿ ಸತ್ತ ರಾಜ ನಾಲ್ಕರಲ್ಲಿ ಭಿಕ್ಷುಕನ ವೇಷದಲ್ಲಿ ಬರುತ್ತಾನೆಂದು ಆಕೆ, ಅದು ಬೇರೆಯ ಭಿಕ್ಷುಕ ಎಂದು ಇವರು. ಈ ಒಂದು ಭಿಕ್ಷುಕನ ಮೇಲೆ ಎರಡು ಮಳೆಗಾಲ ಕಳೆದವು. ಕೋತಿಗಳು ತಂತಿ ಕಡಿದು ಇಂಟರ್ನೆಟ್ ಹೋದರೆ ಇವರು ಮಹಡಿಯಿಂದ ಬಗ್ಗಿ, "ಭೈಯಾ, ಬಂದರ್ ಫಿರ್ ಕಾಟಾ! ಜಲ್ದಿ ಆವೋ! ಉಧರ್ ವೋ ಜೀತ್ ಜಾಯೇಗಿ!" ಎಂದು ಕೇಬಲಿನವನನ್ನು ಕೂಗುತ್ತಿದ್ದರು. ಅಲ್ಲಿ ಯಾರು ಏನನ್ನು ಗೆಲ್ಲುತ್ತಾಳೆಂದು ಆ ಮನುಷ್ಯನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆರನೆಯ ಭಾಗ ಬರುತ್ತದೆಂದು ಕಂಪನಿಯವರು ಹೇಳಿ ಯಾವುದೋ ಕಾಲವಾಗಿತ್ತು. ಬಂದೀತೇ, ಅಷ್ಟರಲ್ಲಿ ನಾವಿರುತ್ತೇವೆಯೇ ಎಂಬುದು ಗುಂಪಿನ ನಿತ್ಯದ ಗೋಳು. ಅವರು ಮಾತ್ರ, "ಬರದೇ ಇದ್ರೇ ವಾಸಿ. ಬಂದ್ರೆ ಇಂದಿರಮ್ಮನವ್ರು ಅದನ್ನೇ ಶ್ರೇಷ್ಠ ಅಂತಾರೆ, ನಾನು ಮೊದಲಿಂದ ಶುರು ಮಾಡ್ಬೇಕು" ಎನ್ನುವರು.

ಇನ್ನು ಅವರ ಹೆಂಡತಿಯ ವಿಷಯ. ಕಾಶಿಗೆ ಬಂದ ವರ್ಷವೇ ಗಂಡ ಹೆಂಡತಿ ಇಬ್ಬರೂ ಕ್ಷೇತ್ರ ಸನ್ಯಾಸ ತೆಗೆದುಕೊಂಡಿದ್ದರು. ಹಾಗೆಂದರೆ ಕಾವಿ ಉಡುವುದಲ್ಲ. ಗಂಗೆಯಲ್ಲಿ ನಿಂತು ಸಂಕಲ್ಪ ಮಾಡುವುದು. ಅಂದಿನಿಂದ ಸಾಯುವವರೆಗೆ ಕಾಶಿಯ ಎಲ್ಲೆ ಬಿಟ್ಟು ಹೊರಗೆ ಕಾಲಿಡುವಂತಿಲ್ಲ. ಮದುವೆಗಿಲ್ಲ, ಮುಂಜಿಗಿಲ್ಲ, ಸಾವಿಗೂ ಇಲ್ಲ. ನದಿಯ ಆಚೆ ದಡ ಕೂಡ ಎಲ್ಲೆಯ ಹೊರಗೆ. ಆಚೆ ಸತ್ತವರು ಕತ್ತೆಯಾಗಿ ಹುಟ್ಟುತ್ತಾರೆಂದು ಇಲ್ಲಿಯ ಜನ ನಗುತ್ತಲೇ ಹೇಳುತ್ತಾರೆ, ನಗುತ್ತಲೇ ನಂಬುತ್ತಾರೆ.

ಅವರಿಗೆ ಇದ್ಯಾವುದರಲ್ಲೂ ನಂಬಿಕೆ ಇರಲಿಲ್ಲ. ವಿಭೂತಿ ಕೂಡ ಹೆಂಡತಿ ಹಚ್ಚುತ್ತಿದ್ದದ್ದು. ಆಕೆಗಿದ್ದದ್ದು ಒಂದೇ ಹೆದರಿಕೆ: ತಾನು ಮೊದಲು ಹೋಗುತ್ತೇನೆ, ಈ ಅಲೆಮಾರಿ ಮನುಷ್ಯ ಆಮೇಲೆ ಊರಿಗೆ ಹೋಗಿ ಎಲ್ಲೋ ಸಾಯುತ್ತಾನೆ, ತಾನೊಂದು ಕಡೆ, ಅವನೊಂದು ಕಡೆ ಆಗಿಬಿಡುತ್ತದೆ. ನನ್ನೆದುರಿಗೇ ಒಮ್ಮೆ ಆಕೆ ಹೇಳಿದ್ದುಂಟು, ಗಂಟಲು ಕಟ್ಟಿ ಗಾಳಿಯಂತಾಗಿದ್ದ ದನಿಯಲ್ಲಿ: "ಆಟದಲ್ಲಿ ಎಲ್ಲಿಗೆ ಬೇಕಾದ್ರೂ ಹೋಗಿ, ನಾನು ಕೇಳಲ್ಲ. ಇಲ್ಲಿ ಮಾತ್ರ ಕಾಶಿ ಬಿಡಬೇಡಿ. ನಾನು ಕಾಯ್ತಿರ್ತೀನಿ." ಅವರು ಹೂಂ ಎಂದರು. ಆ ಚಳಿಗಾಲ ಕಳೆಯುವ ಮೊದಲು ಹರಿಶ್ಚಂದ್ರ ಘಾಟಿನಲ್ಲಿ ಆಕೆಯ ಸಂಸ್ಕಾರವಾಯಿತು. ಆಮೇಲೂ ಅವರು ದಿನಾ ವಿಭೂತಿ ಹಚ್ಚಿಕೊಳ್ಳುತ್ತಿದ್ದರು, ಸೊಟ್ಟಗೆ.

ಮೂತ್ರಪಿಂಡ ಕೆಟ್ಟು ಇಂದಿರಕ್ಕ ಬಹಳ ಕಾಲದಿಂದ ಡಯಾಲಿಸಿಸ್ ಮೇಲೆ ಇದ್ದರು. ಅದನ್ನು ಗುಂಪಿನಲ್ಲಿ ಯಾರೂ ದೊಡ್ಡದು ಮಾಡುತ್ತಿರಲಿಲ್ಲ, ಆಕೆ ಮಾಡಗೊಡುತ್ತಿರಲಿಲ್ಲ. ಫೋಟೋ ಕೇಳಿದರೆ, "ಊದಿದ ಮಾರಿ ನೋಡಿ ಏನ್ ಮಾಡ್ತೀರಿ?" ಎಂದು ಬಾಯಿ ಮುಚ್ಚಿಸುವರು. ಕಳೆದ ದೀಪಾವಳಿಯ ಹೊತ್ತಿಗೆ, ಭಿಕ್ಷುಕನ ವಿಷಯದಲ್ಲಿ ಒಂದು ಜೋರು ಜಗಳ ಆದ ಮೇಲೆ, ಇದ್ದಕ್ಕಿದ್ದಂತೆ ದನಿ ಇಳಿಸಿ ಕೇಳಿದರು:

"ಸರ, ಒಂದ್ ಮಾತ್ ಕೇಳ್ಲೇನು? ಡಾಕ್ಟರು ಇನ್ನ ಭಾಳ ದಿನ ಇಲ್ಲಂತಾರ. ಇಷ್ಟ್ ವರ್ಷ ಬರೇ ದನಿ ಕೇಳಿ ಜಗಳಾ ಆಡೇವಿ. ಒಮ್ಮೆ ಎದುರಿಗೆ ಕುಂತು ಆಡೂಣು. ಧಾರವಾಡಕ್ಕ ಬರ್ತೀರೇನು?"

ನಾನು ಪಕ್ಕದಲ್ಲೇ ಕೂತಿದ್ದೆ. ಅವರು ಹೆಡ್‌ಫೋನು ತೆಗೆದಿಟ್ಟು, ಎದ್ದು ಹೋಗಿ ಕಿಟಕಿ ಹಾಕಿ, ಮತ್ತೆ ತೆಗೆದರು.

ಮುಂದಿನ ಕೆಲವು ವಾರ ಗುಂಪಿನಲ್ಲಿ ಆಟದ ಮಾತೇ ಇಲ್ಲ. ಗಡಿಯ ಗೋಡೆಗೆ ಸಂದಿ ಹುಡುಕಿ ಅಭ್ಯಾಸವಿದ್ದ ಜನ, ಕಾಶಿಯ ಎಲ್ಲೆಗೂ ಸಂದಿ ಹುಡುಕತೊಡಗಿದರು. ಒಬ್ಬ ಹೇಳಿದ, ಚಪ್ಪಲಿಯೊಳಗೆ ಕಾಶಿಯ ಮಣ್ಣು ತುಂಬಿಕೊಂಡು ಹೋದರೆ ಕಾಲು ಸದಾ ಕಾಶಿಯ ಮೇಲೇ ಇರುತ್ತದಲ್ಲ? ಇನ್ನೊಬ್ಬ, ವಿಮಾನದಲ್ಲಿ ಹೋದರೆ ನೆಲ ತುಳಿದಂತಾಗುವುದಿಲ್ಲ ಎಂದ. ಇಳಿಯುವಾಗ ಏನು ಮಾಡುತ್ತೀಯಪ್ಪಾ ಎಂದರೆ, ಗಾಲಿಕುರ್ಚಿ ಎಂದ. ನಗುತ್ತಿದ್ದೆವು, ಆದರೆ ನಿಜವಾಗಿಯೂ ಹುಡುಕುತ್ತಿದ್ದೆವು. ಕೊನೆಗೆ ನಾನೇ ಅವರನ್ನು ಎಳೆದುಕೊಂಡು ಘಾಟಿನಲ್ಲಿ ಕನ್ನಡದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ವೃದ್ಧ ಪುರೋಹಿತರ ಹತ್ತಿರ ಹೋದೆ. ಸಂಕಲ್ಪ ಮಾಡಿಸಿದ್ದವರು ಅವರೇ.

ಪುರೋಹಿತರು ಎಲ್ಲ ಕೇಳಿ, ಎಲೆಯಡಿಕೆ ಉಗಿದು ಬಂದು ಹೇಳಿದರು: "ಹೋಗಿ ಬನ್ನಿ ಸ್ವಾಮಿ. ಸಾಯೋ ಜೀವ ಕರೀತಿದೆ. ಬಂದ್ಮೇಲೆ ಗಂಗೇಲಿ ಮುಳುಗಿ, ಪ್ರಾಯಶ್ಚಿತ್ತ ಮಾಡ್ಕೊಂಡು, ಮತ್ತೆ ಸಂಕಲ್ಪ ಮಾಡಿದ್ರಾಯ್ತು. ನಾನು ಮಾಡಿಸ್ತೀನಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗಾದೆ. ಇಲ್ಲಿ ಪೂಜಾರಿಯೇ ಕೊಟ್ಟ, ತೆಗೆದುಕೊಳ್ಳುವವರು ಕೈ ಚಾಚಲಿಲ್ಲ. ಮೆಟ್ಟಿಲು ಹತ್ತುವಾಗ ನಾನು ಯಾವತ್ತು ಟಿಕೆಟ್ಟು ತೆಗೆಯಲಿ ಎಂದು ಕೇಳಿದೆ.

"ಬೇಡಮ್ಮ. ನಾನು ಶಾಸ್ತ್ರಕ್ಕೆ ಮಾತು ಕೊಟ್ಟಿದ್ರೆ ಶಾಸ್ತ್ರಿಗಳು ಬಿಡಿಸಬಹುದು. ನಾನು ಮಾತು ಕೊಟ್ಟಿದ್ದು ಇವಳಿಗೆ."

"ಸಾರ್, ನಿಮಗೆ ಇದರಲ್ಲಿ ನಂಬಿಕೆಯೇ ಇಲ್ಲ!"

"ನನಗಿಲ್ಲ. ಅವಳಿಗಿತ್ತಲ್ಲ."

ನನಗೆ ಮೈಯೆಲ್ಲ ಉರಿಯಿತು. ಸತ್ತವಳು ಕಾಯಬಲ್ಲಳು, ಅವಳಿಗೆ ಇನ್ನೇನು ಕೆಲಸ? ಬದುಕಿರುವವಳಿಗೆ ಕಾಯಲು ದಿನವಿಲ್ಲ. ಇದನ್ನು ಬಾಯಿಬಿಟ್ಟೇ ಹೇಳಿದೆ. ಅವರು ಅಂಗೈಯನ್ನು ಉಗುರಿನಿಂದ ಗೀರುತ್ತ ನಡೆದರು. ಈಗಲೂ ನನ್ನ ಮಾತು ಸರಿ ಎಂದೇ ನಾನು ತಿಳಿದಿದ್ದೇನೆ.

ಇಂದಿರಕ್ಕ ನಮಗಿಂತ ದೊಡ್ಡವರು. ಕೋಪ ಮಾಡಿಕೊಳ್ಳಲಿಲ್ಲ. "ಹೋಗ್ಲಿ ಬಿಡ್ರಿ. ಅವ್ರ್ ಬರಾಂಗಿಲ್ಲ ಅಂದ್ರ ನಾನ ಬರ್ತೀನಿ. ಹೆಂಗೂ ಮಂದಿ ಸಾಯಾಕ ಕಾಶಿಗೇ ಬರ್ತಾರಲ್ಲ" ಎಂದರು. ತಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ, ಅವನೂ ಜೊತೆಗೆ ಹೊರಡಬೇಕಾಯಿತು. ಒಂದು ಡಯಾಲಿಸಿಸ್ ಧಾರವಾಡದಲ್ಲಿ ಮುಗಿಸಿಕೊಂಡು ಹೊರಡುವುದು, ಮುಂದಿನದು ಕಾಶಿಯಲ್ಲಿ. ನಾನು ಇಲ್ಲಿನ ಆಸ್ಪತ್ರೆಯಲ್ಲಿ ಮಾತಾಡಿಟ್ಟೆ.

ದಾರಿಯನ್ನು ಮಾತ್ರ ತಾವೇ ಗೊತ್ತು ಮಾಡುವುದಾಗಿ ಮುದುಕರು ಹಟ ಹಿಡಿದರು. ಹೆಂಡತಿ ಹೋದ ಮೇಲೆ ಅವರನ್ನು ಅಷ್ಟು ಹುರುಪಿನಲ್ಲಿ ನಾನು ನೋಡಿರಲಿಲ್ಲ. ಹಾಳೆಯ ಮೇಲೆ ಧಾರವಾಡದಿಂದ ಕಾಶಿಯವರೆಗಿನ ದಾರಿ ಬಿಡಿಸಿದರು, ನದಿಗಳಿಗೆ ನೀಲಿ, ರೈಲಿಗೆ ಕಪ್ಪು. ನೇರ ಕಾಶಿಗೆ ಬರುವ ಗಾಡಿಯ ದಿನ ಡಯಾಲಿಸಿಸ್ಸಿಗೆ ಹೊಂದುತ್ತಿರಲಿಲ್ಲ. ಅದಕ್ಕೆ ನದಿಯಾಚೆಯ ಮುಘಲ್‌ಸರಾಯಿಯಲ್ಲಿ ನಿಲ್ಲುವ ಗಾಡಿ ಆರಿಸಿದರು. ಅಲ್ಲಿ ಇಳಿದು ಕಾರಿನಲ್ಲಿ ಸೇತುವೆ ದಾಟಿದರೆ ಕಾಶಿ. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?" ಎಂದು ನಕ್ಕರು.

ತಿಂಗಳು ಜನವರಿ. ಉತ್ತರದ ಕಡೆ ಇರುವವರಿಗೆಲ್ಲ ಗೊತ್ತು, ಜನವರಿಯಲ್ಲಿ ಮಂಜು ಬಿದ್ದರೆ ರೈಲುಗಳು ಎಲ್ಲೆಂದರಲ್ಲಿ ನಿಂತುಬಿಡುತ್ತವೆ. ಹೋಳಿ ಕಳೆಯಲಿ ಎಂದು ನಾನು ಬಡಕೊಂಡೆ. ಇಂದಿರಕ್ಕನಿಗೆ ಹೋಳಿಯವರೆಗೆ ಪುರುಸೊತ್ತಿರಲಿಲ್ಲ. ಅವರಿಗೋ, ಕಾಶಿಗೆ ಬಂದಾಗಿನಿಂದ ರೈಲು ನಿಲ್ದಾಣದ ಮುಖ ನೋಡುವ ಪ್ರಮೇಯವೇ ಬಂದಿರಲಿಲ್ಲ. ನಮ್ಮ ಆಟದಲ್ಲಿ ನಕಾಶೆ ಬಿಡಿಸಿ ಒಂದು ಊರಿನ ಮೇಲೆ ಬೆರಳಿಟ್ಟರೆ ಸಾಕು, ಮರುಗಳಿಗೆ ಅಲ್ಲಿರುತ್ತೇವೆ. ಅವರು ಎಂದೂ ಹಾಗೆ ಹೋಗದೆ ನಡೆದೇ ಹೋಗುತ್ತಿದ್ದ ಮನುಷ್ಯ. ಈ ಒಂದು ಸಲ ಮಾತ್ರ ಬೆರಳಿಟ್ಟು ನಂಬಿದರು.

ಗಾಡಿ ಪ್ರಯಾಗದ ಈಚೆ ಮಂಜಿನಲ್ಲಿ ನಿಂತಿತು. ಒಂದು ಹಗಲು ಹೋಯಿತು. ಇಂದಿರಕ್ಕನ ಕಾಲು ಊದಿತು, ಆಮೇಲೆ ಉಸಿರು ಕಟ್ಟತೊಡಗಿತು. ಆಕೆಯ ತಮ್ಮ ನನಗೆ ಫೋನು ಮಾಡಿ ಅಳುತ್ತಿದ್ದ. ಅಂತೂ ಮುಘಲ್‌ಸರಾಯಿ ಮುಟ್ಟಿದಾಗ ಕಾಶಿಯವರೆಗೆ ತರುವ ಸ್ಥಿತಿ ಇರಲಿಲ್ಲ. ನಿಲ್ದಾಣದ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಅಲ್ಲಿ ಡಯಾಲಿಸಿಸ್ ಯಂತ್ರವೇ ಇರಲಿಲ್ಲ. ಸ್ವಲ್ಪ ಸುಧಾರಿಸಿದರೆ ಈಚೆ ಕಳಿಸುತ್ತೇವೆ ಎಂದರಂತೆ.

ಸುದ್ದಿ ಕೇಳಿ ನಾನು ಅವರ ಮಹಡಿಗೆ ಓಡಿದೆ. ಅವರು ಆಗಲೇ ಸ್ವೆಟರು, ಮಫ್ಲರು, ಬೂಟು ಹಾಕಿಕೊಂಡು ನಿಂತಿದ್ದರು. ನಾನು ಒಂದು ಮಾತೂ ಆಡಲಿಲ್ಲ. ಆಡಿದರೆ ಮನಸ್ಸು ಬದಲಾದೀತೆಂಬ ಹೆದರಿಕೆ. ಆಟೋ ಹತ್ತಿದೆವು. ರಾಜಘಾಟಿನ ಸೇತುವೆ ಹಳೆಯದು, ಕೆಳಗೆ ರೈಲು, ಮೇಲೆ ರಸ್ತೆ. ಸೇತುವೆ ಶುರುವಾಗುವಲ್ಲಿ ಅವರು ಆಟೋದವನ ಭುಜ ಮುಟ್ಟಿ, "ರೋಕೋ" ಎಂದರು.

"ಕಾ ಭಈಲ ಬಾಬೂಜಿ?" ಏನಾಯಿತೆಂದು ಅವನು ತಿರುಗಿದ.

ಅವರು ಇಳಿದರು. ಸೇತುವೆಯ ಕಂಬಿ ಹಿಡಿದು ನಿಂತರು. ಮಂಜಿನಲ್ಲಿ ಆಚೆ ದಡ ಕಾಣುತ್ತಲೇ ಇರಲಿಲ್ಲ.

"ಸಾರ್, ಇಲ್ಲಿಂದ ಅರ್ಧ ಗಂಟೆ. ಅರ್ಧ ಗಂಟೆ ಅಷ್ಟೇ. ಬನ್ನಿ" ಎಂದೆ. ಕೈ ಹಿಡಿದು ಎಳೆದೆ.

"ಆಗ್ತಿಲ್ಲಮ್ಮ" ಎಂದರು. "ಕಾಲು ಏಳ್ತಿಲ್ಲ. ನೀನು ಹೋಗು. ಫೋನ್ ಮಾಡಿ ಕೊಡು ಅವರಿಗೆ, ನಾನು ಮಾತಾಡ್ತೀನಿ."

ಅಂದೇ ಮೊದಲು ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು. ಬೇರೆ ಹೊತ್ತಿನಲ್ಲಾಗಿದ್ದರೆ ಸಂತೋಷಪಡುತ್ತಿದ್ದೆ. ನಾನು ಕೂಗಾಡಿದೆ. ನೀವು ಇಲ್ಲೇ ಕಲ್ಲಾಗಿ ನಿಂತಿರಿ ಎಂದು ಹೇಳಿ ಆಟೋ ಹತ್ತಿದೆ. ಆಟೋದವನು ನನ್ನ ಮುಖವನ್ನೂ ಅವರ ಮುಖವನ್ನೂ ನೋಡಿ ಏನೂ ತಿಳಿಯದೆ ಗಾಡಿ ಬಿಟ್ಟ.

ನರ್ಸಿಂಗ್ ಹೋಮಿನ ಮಂಚದ ಮೇಲೆ ಇಂದಿರಕ್ಕ ಗೋಡೆಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ. ಮೂಗಿಗೆ ಆಮ್ಲಜನಕದ ನಳಿಗೆ. ನನ್ನ ದನಿ ಕೇಳಿ ಗುರುತು ಹಿಡಿದು, ನನ್ನ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದರು.

"ಬಂದ್ರೇನು?"

"ಸೇತುವೆ ಹತ್ತಿರ ಇದ್ದಾರೆ ಅಕ್ಕ."

ಆಕೆಗೆ ಅರ್ಥವಾಯಿತು. "ನಾ ಇಲ್ಲೇ ಹೋದ್ರ ಕತ್ತೆ ಆಗ್ತೀನಂತಲ್ಲ? ಇವ ನಮ್ಮ ತಮ್ಮ ಅಂಜಿಸ್ಲಿಕತ್ತಾನ" ಎಂದು ನಗಲು ಹೋಗಿ ಕೆಮ್ಮಿದರು. ನಾನು ಫೋನು ಹಚ್ಚಿ ಕಿವಿಗೆ ಹಿಡಿದೆ. ಆಚೆಯಿಂದ ಅವರು ಒಂದೇ ಸಮನೆ ಮಾತಾಡುತ್ತಿದ್ದದ್ದು ನನಗೂ ಕೇಳುತ್ತಿತ್ತು. ಏನು ಮಾತು? ಆ ಭಿಕ್ಷುಕ ರಾಜನೇ ಇರಬೇಕು, ತಾವು ಒಪ್ಪುತ್ತೇವೆ, ನಾಲ್ಕನೇ ಭಾಗವೇ ಶ್ರೇಷ್ಠ, ಎಲ್ಲ ಒಪ್ಪುತ್ತೇವೆ ಎಂದು.

"ಸಾಕ್ರಿ ಸರ" ಎಂದರು ಇಂದಿರಕ್ಕ. "ಆಟದ ಮಾತು ಬ್ಯಾಡ. ಬರ್ತೀರೋ ಇಲ್ಲೋ, ಅಷ್ಟ್ ಹೇಳ್ರಿ."

ಆಚೆಯಿಂದ ಬರೀ ಲಾರಿಗಳ ಸದ್ದು ಬಂತು. ಆಕೆ ಕಾದರು. ಆಮೇಲೆ ನನ್ನ ಕೈಯನ್ನು ಫೋನಿನ ಸಮೇತ ಮೆಲ್ಲಗೆ ದೂರ ಸರಿಸಿ ಕಣ್ಣು ಮುಚ್ಚಿಕೊಂಡರು. ಮತ್ತೆ ಅವರ ಬಗ್ಗೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಪ್ರಾಣ ಹೋಯಿತು. ಇಷ್ಟು ದೂರ ಬಂದ ಮೇಲೆ ಧಾರವಾಡಕ್ಕೆ ಹೆಣ ಒಯ್ಯುವುದೇಕೆ ಎಂದು ಆಕೆಯ ತಮ್ಮ ಕಾಶಿಯಲ್ಲೇ ಸಂಸ್ಕಾರ ಮಾಡಲು ಒಪ್ಪಿದ. ಬದುಕಿದ್ದಾಗ ದಾಟಲಾಗದ ಸೇತುವೆಯನ್ನು ಇಂದಿರಕ್ಕ ವ್ಯಾನಿನಲ್ಲಿ ಮಲಗಿ ದಾಟಿದರು. ಹರಿಶ್ಚಂದ್ರ ಘಾಟಿನಲ್ಲಿ ಅವರು ಬಂದು ಕಾಯುತ್ತಿದ್ದರು. ಯಾರು ಹೇಳಿದರೋ, ನಾನು ಹೇಳಿರಲಿಲ್ಲ. ಚಟ್ಟವನ್ನು ನೀರಿಗೆ ಅದ್ದಿ ಮೆಟ್ಟಿಲ ಮೇಲಿಟ್ಟಾಗ ಹತ್ತಿರ ಬಂದರು. ಆಕೆಯ ತಮ್ಮ ಮುಖದ ಮೇಲಿನ ಬಟ್ಟೆ ಸರಿಸಿದ. ಬಹಳ ಹೊತ್ತು ನೋಡಿದರು.

"ಇಷ್ಟು ಸಣ್ಣ ಆಳಾ?" ಎಂದು ನನ್ನನ್ನು ಕೇಳಿದರು. "ದನಿ ಕೇಳಿ ಎತ್ತರ ಇದಾರೆ ಅಂದ್ಕೊಂಡಿದ್ದೆ."

ನಾನು ಮುಖ ತಿರುಗಿಸಿಕೊಂಡೆ.

ಆಮೇಲೆ ಅವರು ಆಡಲಿಲ್ಲ. ಕೋತಿಗಳು ತಂತಿ ಕಡಿದರೂ ಯಾರನ್ನೂ ಕೂಗಲಿಲ್ಲ. ಗುಂಪಿನಲ್ಲಿ ಒಬ್ಬಿಬ್ಬರು ಮೊದಮೊದಲು ಬರೆಯುತ್ತಿದ್ದರು, ಸಮಾಧಾನ ಮಾಡಿಕೊಳ್ಳಿ ಸಾರ್, ನಿಮ್ಮ ತಪ್ಪಿಲ್ಲ ಎಂದು. ತಪ್ಪಿದೆ ಎಂದು ತಿಳಿದವರು ಸುಮ್ಮನೆ ಬಿಟ್ಟು ಹೋದರು. ಆರನೆಯ ಭಾಗದ ಚಿತ್ರವೊಂದು ಹೊರಬಂದಿದೆ ಎಂದು ಒಬ್ಬ ಹಾಕಿದ್ದನ್ನು ಯಾರೂ ತೆರೆದು ಕೂಡ ನೋಡಲಿಲ್ಲ. ನಾನು ಅವರ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ. ಹೋದರೂ ಸಾರು ಕೊಟ್ಟು ಬರುತ್ತಿದ್ದೆ, ಕೂರುತ್ತಿರಲಿಲ್ಲ. ಮಾತು ಉಳಿಸಿಕೊಂಡ ದೊಡ್ಡ ಮನುಷ್ಯ ಎಂದು ಗಲ್ಲಿಯಲ್ಲಿ ಕೆಲವು ಮುದುಕಿಯರು ಅವರಿಗೆ ಕೈ ಮುಗಿಯತೊಡಗಿದ್ದರು. ಅದನ್ನು ಕಂಡರೆ ಅವರು ಮುದುಡಿಕೊಂಡು ಬಾಗಿಲು ಹಾಕಿಕೊಳ್ಳುವರು.

ಜ್ಯೇಷ್ಠದ ಬಿಸಿಲು. ಶಾಲೆಗೆ ರಜೆ. ಮಧ್ಯಾಹ್ನ ಬಾಗಿಲು ಬಡಿದ ಸದ್ದಾಗಿ ತೆಗೆದರೆ ಅವರು. ಮುಖ ಕೆಂಪೇರಿತ್ತು, ಪಂಚೆಯ ಅಂಚಿನವರೆಗೆ ಧೂಳು. ಒಳಗೆ ಕರೆದು ಫ್ಯಾನ್ ಹಾಕಿದೆ. ಕುರ್ಚಿ ತೋರಿಸಿದರೂ ಕೂರದೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು.

"ಹೋಗಿದ್ದೆ" ಎಂದರು.

"ಎಲ್ಲಿಗೆ ಸಾರ್?"

"ಆಚೆಗೆ. ಮುಘಲ್‌ಸರಾಯಿಗೆ. ಬೆಳಿಗ್ಗೆ ಎದ್ದೆ, ಸೇತುವೆ ತನಕ ನಡೆದೆ, ಆಟೋ ನಿಂತಿತ್ತು, ಹತ್ತಿದೆ. ಆ ನರ್ಸಿಂಗ್ ಹೋಮಿನ ಎದುರುಗಡೆ ಇಳಿಸಿದ. ಅಲ್ಲೊಂದು ಟೀ ಅಂಗಡಿ ಇದೆ. ಟೀ ಕುಡಿದೆ. ವಾಪಸ್ ಬಂದೆ."

ಪುರೋಹಿತರ ಹತ್ತಿರ ಹೋಗೋಣವೇ, ಪ್ರಾಯಶ್ಚಿತ್ತ ಮಾಡಿಸುತ್ತಾರಲ್ಲ ಎಂದೆ. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ತಮ್ಮ ಎರಡೂ ಪಾದಗಳನ್ನು ನೋಡುತ್ತಿದ್ದರು.

"ದಾರಿ ಪೂರ್ತಿ ಕಾಯ್ತಿದ್ದೆ" ಎಂದರು. "ಈಗ ಏನಾದ್ರೂ ಆಗುತ್ತೆ, ಈಗ ಏನಾದ್ರೂ ಆಗುತ್ತೆ ಅಂತ. ಇವಳು ಬಂದು ಬೈತಾಳೆ ಅಂತ. ಏನೂ ಆಗ್ಲಿಲ್ಲಮ್ಮ. ಸುಮ್ನೆ ರಸ್ತೆ. ಎಲ್ರೂ ಓಡಾಡ್ತಾರೆ."

ಹಾಗೆಂದು ನನ್ನ ಮುಖ ನೋಡಿದರು. ನಾನು ಬೈಯಬೇಕೆಂದು ಕಾಯುತ್ತಿದ್ದರೇನೋ. ನನ್ನಿಂದ ಆಗಲಿಲ್ಲ. ಒಂದು ಲೋಟ ನೀರು ಕೊಟ್ಟೆ. ಅದನ್ನು ಹಿಡಿದುಕೊಂಡೇ ಆ ಮುದುಕರು ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಸಣ್ಣ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತರು. "ಅರ್ಧ ಗಂಟೆ ಕೂಡ ಹಿಡೀಲಿಲ್ಲ" ಎಂದು ಅಳುವಿನ ನಡುವೆ ಒಮ್ಮೆ ಹೇಳಿದರು.